ಇನ್ನೊಬ್ಬರ ಬಿಲ್ಲೆ

ಹನ್ನೊಂದು ವರ್ಷದಿಂದ ಟಪಾಲಕ್ಕ ದಿನಾ ಬೆಳಿಗ್ಗೆ ಎರಡು ಕಾರ್ಡು ಒತ್ತುತ್ತಿದ್ದಳು. ನೀರು ಸರಬರಾಜು ಕಚೇರಿಯ ಬಾಗಿಲ ಪಕ್ಕ ಗೋಡೆಗೆ ತೂಗುಹಾಕಿದ ಹಾಜರಿ ಗಡಿಯಾರ. ಅದರ ಸೀಳಿಗೆ ಕಾರ್ಡು ತೂರಿಸಿದರೆ ಟಕ್ ಎಂದು ಗಂಟೆ, ನಿಮಿಷ ಅಚ್ಚಾಗುತ್ತದೆ. ಮೊದಲ ಟಕ್ ಅವಳದು, ಎರಡನೆಯದು ಅವಳ ಗಂಡನದು. ಅವಳದು ಟಪಾಲು ವಿಭಾಗ, ಗಂಡ ಅದೇ ಕಚೇರಿಯ ಮೀಟರು ಪರೀಕ್ಷೆ ವಿಭಾಗದಲ್ಲಿದ್ದ. ಇದ್ದ ಎಂದು ಕಾರ್ಡು ಹೇಳುತ್ತಿತ್ತು, ಅಷ್ಟೆ. ಅವನು ಬರುವಾಗ ಹತ್ತೂವರೆ ದಾಟಿರುತ್ತಿತ್ತು. ಬಂದ ಮೇಲೂ ಕುರ್ಚಿಗಿಂತ ಹೆಚ್ಚಾಗಿ ಹಳೆ ಮೀಟರುಗಳ ಉಗ್ರಾಣದಲ್ಲಿ, ಗೋಣಿಚೀಲದ ರಾಶಿಯ ಮೇಲೆ ಸಿಗುತ್ತಿದ್ದ. ಮೇಲಿನವರು "ಎಲ್ಲಮ್ಮಾ ನಿಮ್ಮ ಯಜಮಾನ್ರು?" ಎಂದು ಕೇಳಿದರೆ ಇವಳು ಲಕೋಟೆಗಳಿಂದ ತಲೆ ಎತ್ತದೆ "ಈಗಿದ್ರಲ್ಲಾ ಸಾರ್, ಇಲ್ಲೇ" ಎನ್ನುತ್ತಿದ್ದಳು. ಹೇಳಿ ಹೇಳಿ ಆ ಮಾತೇ ಅವನ ಹೆಸರಾಯಿತು. ಕಚೇರಿಯಲ್ಲಿ ಎಲ್ಲರೂ ಅವನನ್ನು ಈಗಿದ್ದಪ್ಪ ಎಂದೇ ಕರೆಯುತ್ತಿದ್ದರು, ಅವನೂ ನಾಚಿಕೆಯಿಲ್ಲದೆ ಓಗೊಡುತ್ತಿದ್ದ.

ಇದನ್ನು ಮೋಸ ಎಂದರೆ ಆ ಕಚೇರಿಯವರಿಗೆ ಬೇಜಾರಾದೀತು. ಅಲ್ಲಿ ಒಬ್ಬರ ಕಾರ್ಡು ಇನ್ನೊಬ್ಬರು ಒತ್ತುವುದು ಕೆಳಗೆ ಬಿದ್ದ ಪೆನ್ನು ಎತ್ತಿಕೊಟ್ಟಷ್ಟೇ ಸಹಜ. ಟೈಪಿಸ್ಟರದು ಕ್ಯಾಷಿಯರು, ಕ್ಯಾಷಿಯರದು ಡ್ರೈವರು. ಟಪಾಲಕ್ಕನ ಕಾರ್ಡು ಮಾತ್ರ ಟಪಾಲಕ್ಕನೇ. ಒಮ್ಮೆ ಅವಳಿಗೆ ಮೈ ಸುಡುವ ಜ್ವರ ಬಂದು ಮಲಗಿದಾಗ ಈಗಿದ್ದಪ್ಪ, ಎಂದೂ ಇಲ್ಲದವನು, ಹತ್ತಕ್ಕೆ ಸರಿಯಾಗಿ ಕಚೇರಿಗೆ ಹೋಗಿ ತನ್ನ ಕಾರ್ಡು ತಾನೇ ಒತ್ತಿದ್ದ. ಸಂಜೆ ಬಂದು "ಅಯ್ಯೋ, ನಿಂದು ಮರೆತೇ ಹೋಯ್ತು ಕಣೇ" ಅಂದ. ಅವಳಿಗೆ ಗೈರುಹಾಜರಿಯ ನೋಟೀಸು ಬಂತು. ಆ ನೋಟೀಸನ್ನು ಟಪಾಲು ಪುಸ್ತಕದಲ್ಲಿ ದಾಖಲಿಸಿಕೊಂಡು ತನಗೆ ತಾನೇ ಬಟವಾಡೆ ಮಾಡಿಕೊಂಡವಳೂ ಅವಳೇ.

ಈಗ ಆ ಗಡಿಯಾರದ ಕಾಲ ಮುಗಿದಿತ್ತು. ಮುಂದಿನ ಸೋಮವಾರದಿಂದ ಮುಖ ನೋಡಿ ಹಾಜರಿ ಹಾಕಿಕೊಳ್ಳುವ ಯಂತ್ರ ಬರುವುದಿತ್ತು. ಸುದ್ದಿ ಕೇಳಿದ ದಿನ ಈಗಿದ್ದಪ್ಪನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. "ಮುಖ ತೋರಿಸ್ಬೇಕಂತೆ ಕಣೇ! ನಿನ್ನ ಮುಖ ತೋರಿಸಿದ್ರೆ ಸಾಲಲ್ವಂತೆ!" ಎಂದು ಯಾರೋ ಸತ್ತವರ ಮನೆಯಲ್ಲಿ ಕುಳಿತ ಹಾಗೆ ಕುಳಿತ. ಟಪಾಲಕ್ಕ "ಪಾಪ" ಎಂದಳು. ಒಳಗೊಳಗೇ ಅವಳಿಗೆ ಎಷ್ಟು ಹಿಗ್ಗಾಯಿತೆಂದರೆ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದಳು.

ದುಃಖ ಮರೆಯಲು ಅವನು ಮಾಡಿದ ಉಪಾಯ ಆ ಕಾಡಿನ ಮನೆ. ಎಲ್ಲೋ ಜಾಹೀರಾತು ನೋಡಿದ್ದ. ನೂರು ವರ್ಷದ ಹಿಂದಿನ ಗಣಿ ಕೆಲಸಗಾರರ ಮರದ ಮನೆ, ಸುತ್ತ ಕಾಡು, ಫೋನಿಲ್ಲ, ವಿದ್ಯುತ್ತಿಲ್ಲ, ಹೇಗಿತ್ತೋ ಹಾಗೇ ಇಟ್ಟಿದ್ದಾರೆ, ಬಾಡಿಗೆಗೆ ಕೊಡುತ್ತಾರೆ. "ಯಾರೂ ಕರೆಯೋ ಹಾಗಿಲ್ಲ, ಯಾರೂ ಕೇಳೋ ಹಾಗಿಲ್ಲ. ಶನಿವಾರ, ಭಾನುವಾರ ನಾನಿದೀನೋ ಇಲ್ವೋ ಯಾರಿಗೂ ಗೊತ್ತಾಗಬಾರದು" ಅಂದ. ಅವನು ಇದ್ದಾನೋ ಇಲ್ಲವೋ ಎಂಬುದು ಯಾವತ್ತು ಯಾರಿಗೆ ಗೊತ್ತಾಗಿತ್ತು ಎಂದು ಅವಳು ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಬಾಡಿಗೆ ಕಾರು ಅವರನ್ನು ಅಲ್ಲಿ ಇಳಿಸಿ, ನಾಳೆ ಸಂಜೆ ನಾಲ್ಕಕ್ಕೆ ಬರುತ್ತೇನೆ ಎಂದು ಹೇಳಿ ಹೋಯಿತು. ಮುಖ್ಯ ಗೇಟಿನಿಂದ ಅರ್ಧ ಕಿಲೋಮೀಟರು ಒಳಗೆ, ಮರಗಳ ನಡುವೆ ಬಗ್ಗಿ ಕುಳಿತಂಥ ಮನೆ. ಇಡೀ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಸಂದಿಗೆ ಜೇಡಿಮಣ್ಣು ಮೆತ್ತಿದ ಗೋಡೆ. ತಲೆ ತಗ್ಗಿಸಿಯೇ ಹೋಗಬೇಕಾದ ಬಾಗಿಲು. ಒಳಗೆ ಒಂದೇ ಕೋಣೆ: ಕಬ್ಬಿಣದ ಒಲೆ, ಗೋಡೆಗೇ ಮೊಳೆ ಹೊಡೆದು ಕೂರಿಸಿದ ಎರಡು ಅಟ್ಟಣೆ ಮಂಚ, ಒಂದು ಮೇಜು, ಊಟದ ತಟ್ಟೆಯಷ್ಟು ಅಗಲದ ಒಂದು ಕಿಟಕಿ. ಹೊಗೆ ಹಿಡಿದ ತೊಲೆಗಳು ನೆತ್ತಿಗೆ ತಾಗುವಷ್ಟು ಕೆಳಗಿದ್ದವು. ಒಳಗೆ ಕಾಲಿಟ್ಟ ಕೂಡಲೇ ಟಪಾಲಕ್ಕನಿಗೆ ಯಾರೋ ಲಕೋಟೆಯೊಳಗೆ ಹಾಕಿ ಅಂಟು ಬಳಿದ ಹಾಗಾಯಿತು.

ಮನೆ ನೋಡಿಕೊಳ್ಳುವವಳು ಐವತ್ತೈದು ದಾಟಿದ ಗಟ್ಟಿ ಹೆಂಗಸು. ಗಂಡಸರ ಕೋಟು, ಕಾಲಿಗೆ ಗಣಿಯ ಬೂಟು, ಓಡಾಡಲು ಒಂದು ಮೊಪೆಡ್ಡು. ಅವಳ ಅಪ್ಪ, ಅಜ್ಜ ಎಲ್ಲ ಇದೇ ಗಣಿಯಲ್ಲಿ ದುಡಿದವರಂತೆ. ಗಣಿ ಮುಚ್ಚಿ ನಲವತ್ತು ವರ್ಷವಾದರೂ ಗುಡ್ಡದ ಕೆಳಗಿನ ಕಾಲೊನಿಯಲ್ಲಿ ಆ ಮನೆತನಗಳು ಈಗಲೂ ಇವೆಯಂತೆ. ಅಲ್ಲಿಯವರು ತನ್ನನ್ನು ಹಲಗೆಯಮ್ಮ ಅಂತಾರೆ ಎಂದಳು. ಯಾಕೆ ಎಂದು ಕೇಳುವ ಮೊದಲೇ ಜಗಲಿಯ ಗೋಡೆ ತೋರಿಸಿದಳು. ಅಲ್ಲಿ ತಗಡಿನ ಮರೆಯ ಕೆಳಗೆ ಒಂದು ಕಪ್ಪು ಹಲಗೆ, ಹಲಗೆಗೆ ಎರಡು ಕೊಕ್ಕೆ, ಕೊಕ್ಕೆಗಳಲ್ಲಿ ಅಂಗೈ ಅಗಲದ ಎರಡು ಹಿತ್ತಾಳೆ ಬಿಲ್ಲೆ. ಒಂದರ ಮೇಲೆ ನೂರ ಹದಿನೇಳು, ಇನ್ನೊಂದರ ಮೇಲೆ ನೂರ ಹದಿನೆಂಟು ಎಂದು ಕೊರೆದಿತ್ತು.

"ಗಣಿಗೆ ಇಳಿಯೋವಾಗ ಬಿಲ್ಲೆ ತಗೊಂಡು ಇಳೀಬೇಕು, ಮೇಲೆ ಬಂದಾಗ ಹಾಕ್ಬೇಕು. ಒಂದು ಕೊಕ್ಕೆ ಖಾಲಿ ಇದ್ರೂ ಯಾರೂ ಮನೆಗೆ ಹೋಗೋ ಹಾಗಿಲ್ಲ. ಇಲ್ಲೂ ಅಷ್ಟೇ. ಹೊರಗೆ ಹೋದ್ರೆ ತಗೊಂಡು ಹೋಗಿ, ಬಂದ್ರೆ ಹಾಕಿ. ನಾಲ್ಕು ಗಂಟೆಗೆ ನಾನು ಬಂದು ಹಲಗೆ ನೋಡ್ತೀನಿ. ಎರಡೂ ಇದ್ರೆ ಗೇಟಿಗೆ ಬೀಗ ಹಾಕ್ಕೊಂಡು ಹೋಗ್ತೀನಿ. ಮತ್ತೆ ಬರೋದು ನಾಳೆ ನಾಲ್ಕಕ್ಕೇ. ಒಂದಿಲ್ಲ ಅಂದ್ರೆ, ಸಿಗೋವರೆಗೂ ನಾನು ಹೋಗಲ್ಲ."

"ಒಳಗೆ ಬಂದು ನೋಡೋದಿಲ್ವಾ?" ಎಂದ ಈಗಿದ್ದಪ್ಪ.

"ಗಂಡ ಹೆಂಡ್ತಿ ಇರೋ ಮನೇಲಿ ಇಣುಕಿ ನೋಡ್ತಾರಾ? ನಾನು ಹಲಗೆ ನೋಡ್ತೀನಿ. ಬಾಯಿ ಸುಳ್ಳು ಹೇಳುತ್ತೆ, ಹಲಗೆ ಹೇಳಲ್ಲ." ಆಮೇಲೆ ಅವಳು ಜಗಲಿಯ ತುದಿಯಲ್ಲಿ ತೂಗುತ್ತಿದ್ದ ಮೊಳದುದ್ದದ ರೈಲು ಕಂಬಿಯ ತುಂಡನ್ನೂ ಸುತ್ತಿಗೆಯನ್ನೂ ತೋರಿಸಿದಳು. "ಕೊಕ್ಕೆ ಖಾಲಿ ಇದ್ದಾಗ ಮಾತ್ರ ಇದನ್ನ ಬಾರಿಸ್ಬೇಕು. ಬಾರಿಸಿದ್ರೆ ಕಾಲೊನಿಯವರು ಕೈಲಿದ್ದ ಕೆಲಸ ಬಿಟ್ಟು ಬರ್ತಾರೆ. ಹಾವು ಬಂತು, ನೀರು ಬರ್ಲಿಲ್ಲ, ಇದಕ್ಕೆಲ್ಲ ಅಲ್ಲ. ಹೋದ ವರ್ಷ ಒಬ್ಬ ತಮಾಷೆಗೆ ಬಾರಿಸಿದ. ನಲವತ್ತು ಜನ ಹಗ್ಗ ಹಿಡ್ಕೊಂಡು ಬಂದು ನಿಂತ್ರು. ಪಾಪ, ಅವನಿಗೆ ಅವತ್ತು ನಗೋದೇ ಮರೆತುಹೋಯ್ತು."

ಸುತ್ತ ಎಲ್ಲಿಯವರೆಗೆ ಓಡಾಡಬಹುದು ಎನ್ನುವುದಕ್ಕೆ ಕೆಂಪು ಬಣ್ಣ ಬಳಿದ ಕಲ್ಲುಗಳಿದ್ದವು. ಅದರಾಚೆ ಹಳೆ ಗುಂಡಿಗಳು, ಮೇಲೆ ಬರೀ ಎಲೆ, ಕೆಳಗೆ ಏನೂ ಇಲ್ಲ, ದಾಟಬೇಡಿ ಎಂದಳು. ಹೊರಡುವ ಮೊದಲು ಮೊಪೆಡ್ಡಿನ ಮೇಲೆ ಕುಳಿತು, ಮರೆತವಳ ಹಾಗೆ ಇನ್ನೊಂದು ಮಾತು ಸೇರಿಸಿದಳು. "ಒಬ್ಬರ ಬಿಲ್ಲೆ ಇನ್ನೊಬ್ಬರು ಮುಟ್ಟೋ ಹಾಗಿಲ್ಲ. ಅದೊಂದು ನೆನಪಿರಲಿ."

ಮೊಪೆಡ್ಡು ಮರೆಯಾದದ್ದೇ ತಡ ಈಗಿದ್ದಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡಿದ್ಯೇನೇ? ಹಾಜರಿ ಯಂತ್ರದಿಂದ ಓಡಿ ಬಂದ್ರೆ ಕಾಡಲ್ಲಿ ಹಾಜರಿ ಹಲಗೆ! ನನ್ನ ಹಣೇಲೇ ಬರೆದಿದೆ."

ಊಟ ಮುಗಿಸಿ ಒಂದೂವರೆಗೆ ಅವನು ಎದ್ದ. ಕೋಣೆಯೊಳಗೆ ಸೆಕೆ, ತೊಲೆ ತಲೆಗೆ ಬಡಿಯುತ್ತದೆ, ಬೆಳಿಗ್ಗೆ ಒಂದು ತಂಪು ಜಾಗ ನೋಡಿ ಇಟ್ಟಿದ್ದೇನೆ, ಸ್ವಲ್ಪ ಅಡ್ಡಾಗಿ ಬರುತ್ತೇನೆ ಅಂದ. ಮಂಚದ ಮೇಲಿನ ದಿಂಬು ಕಂಕುಳಲ್ಲಿ ಇರುಕಿಕೊಂಡ. ಅವಳು "ಬಿಲ್ಲೆ ತಗೊಂಡು ಹೋಗಿ" ಎಂದಳು. ಅವನು ನೂರ ಹದಿನೆಂಟನ್ನು ಕೊಕ್ಕೆಯಿಂದ ತೆಗೆದ, ಕೈಯಲ್ಲಿ ತೂಗಿ ನೋಡಿದ, ಮರಳಿ ಬಂದು ಅವಳ ಮುಂದೆ ಮೇಜಿನ ಮೇಲಿಟ್ಟ.

"ಇದ್ಯಾರು ಹೊರ್ತಾರೆ, ಒಂದು ಮಣ ಭಾರ ಇದೆ. ಇಲ್ಲೇ ಇರ್ಲಿ. ಆ ಯಮ್ಮ ನಾನು ಬರೋ ಮುಂಚೆ ಬಂದ್ರೆ ನೀನಿದೀಯಲ್ಲ."

ನೀನಿದೀಯಲ್ಲ. ಹನ್ನೊಂದು ವರ್ಷ ಬೆಳಿಗ್ಗೆ ಹೊದಿಕೆಯೊಳಗಿಂದ ಅವನು ಹೇಳುತ್ತಿದ್ದುದೂ ಇದನ್ನೇ.

ಅವಳು ಮಧ್ಯಾಹ್ನವೆಲ್ಲ ಆ ಒಂದು ಕೋಣೆಯಲ್ಲಿ ಕುಳಿತಳು. ಪುಸ್ತಕ ತಂದಿದ್ದಳು, ಓದಲಾಗಲಿಲ್ಲ. ಮೇಜಿನ ಮೇಲಿನ ಆ ಹಿತ್ತಾಳೆ ಬಿಲ್ಲೆ ಕಣ್ಣೆದುರಿಗೇ ಇತ್ತು. ಅದನ್ನು ಬಿಟ್ಟು ಹೊರಗೆ ಹೋಗುವುದಕ್ಕೂ ಧೈರ್ಯವಿಲ್ಲ, ಅವನ ಬಿಲ್ಲೆ ಕಾಯಬೇಕು. ಎರಡು ದಿನ ರಜೆ ಎಂದು ಇಷ್ಟು ದೂರ ಬಂದರೂ ಅದೇ ಕೆಲಸ ಮುಂದೆ ಮುಂದೆ ಓಡಿ ಬಂದು ಕಾಯುತ್ತ ಕುಳಿತಿದೆ ಎನ್ನಿಸಿ ಅವಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಮೂರಾಯಿತು, ಮೂರೂವರೆಯಾಯಿತು, ಅವನ ಸುಳಿವಿಲ್ಲ.

ನಾಲ್ಕಕ್ಕೆ ಐದು ನಿಮಿಷವಿರುವಾಗ ದೂರದಲ್ಲಿ ಮೊಪೆಡ್ಡಿನ ಸದ್ದು ಕೇಳಿತು. ಮುಂದೆ ನಡೆದದ್ದನ್ನು ಅವಳು ಯೋಚಿಸಿ ಮಾಡಿದಳು ಎಂದು ಯಾರಾದರೂ ಹೇಳಿದರೆ ಅದು ಅನ್ಯಾಯ. ಕಾಲು ಎದ್ದಿತು, ಕೈ ಮೇಜಿನ ಮೇಲಿನ ಬಿಲ್ಲೆ ಎತ್ತಿಕೊಂಡಿತು, ಜಗಲಿಗೆ ಹೋಗಿ ಕೊಕ್ಕೆಗೆ ಹಾಕಿತು. ಟಕ್ ಎಂದಿತು. ಅದೇ ಸದ್ದು. ಆ ಸದ್ದು ಕೇಳಿದ ಕೂಡಲೇ ಅವಳ ಮನಸ್ಸು ಹನ್ನೊಂದು ವರ್ಷದ ರೂಢಿಯಂತೆ ನಿರಾಳವಾಯಿತು.

ಹಲಗೆಯಮ್ಮ ಗಾಡಿ ನಿಲ್ಲಿಸಿದಳು, ಇಳಿಯದೆಯೇ ಹಲಗೆಯ ಕಡೆ ಬೆರಳು ಮಾಡಿ ಎಣಿಸಿದಳು. "ಒಂದು, ಎರಡು. ಯಜಮಾನ್ರು?"

"ಮಲಗಿದಾರೆ" ಎಂದಳು ಟಪಾಲಕ್ಕ.

ಸುಳ್ಳು ಎನ್ನುವಂತಿಲ್ಲ, ಎಲ್ಲೋ ಮಲಗಿಯೇ ಇರುತ್ತಾನೆ. ಹಲಗೆಯಮ್ಮ ತಲೆಯಾಡಿಸಿ ಗಾಡಿ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ದೂರದ ಗೇಟಿನ ಸರಪಳಿ ಝಣಝಣ ಎಂದದ್ದು ಆ ನಿಶ್ಶಬ್ದದಲ್ಲಿ ಮನೆ ಬಾಗಿಲಲ್ಲೇ ಎಂಬಂತೆ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಐದಾಯಿತು. ಟಪಾಲಕ್ಕ ಜಗಲಿಗೆ ಬಂದು ಕೂಗಿದಳು. ಗಂಡನ ಹೆಸರು ಹಿಡಿದು ಕೂಗಿ ಅಭ್ಯಾಸವಿಲ್ಲ, "ರೀ" ಎಂದಳು, "ಎಲ್ಲಿದೀರಿ" ಎಂದಳು. ಮರಗಳು ಅವಳ ದನಿಯನ್ನು ನುಂಗಿ ಸುಮ್ಮನಾದವು. ಬರಲಿ, ಇವತ್ತು ನಾಲ್ಕು ಮಾತು ಆಡಿಯೇ ತೀರುತ್ತೇನೆ ಎಂದು ಹಲ್ಲು ಕಚ್ಚಿದಳು. ಐದೂಕಾಲಾಯಿತು. ಆಡಬೇಕೆಂದಿದ್ದ ನಾಲ್ಕು ಮಾತೂ ಮರೆತು ಹೋದವು. ಅವನು ಎಷ್ಟೇ ಸೋಮಾರಿಯಾದರೂ ಚಹಾ ಹೊತ್ತಿಗೆ ತಪ್ಪಿಸಿಕೊಂಡವನಲ್ಲ.

ಅವಳ ಕಣ್ಣು ಕಂಬಿಯ ಮೇಲೆ ಬಿತ್ತು. ಬಾರಿಸಬಹುದು. ಬಾರಿಸಿದರೆ ನಲವತ್ತು ಜನ ಗುಡ್ಡ ಹತ್ತಿ ಬರುತ್ತಾರೆ. ಬಂದ ಮೇಲೆ ಇವನು ದಿಂಬು ಕಂಕುಳಲ್ಲಿ ಇಟ್ಟುಕೊಂಡು ಆಕಳಿಸುತ್ತ ಪೊದೆಯಿಂದ ಎದ್ದು ಬಂದರೆ? ಮಲಗಿದ್ದಾರೆ ಎಂದು ಒಂದು ಗಂಟೆಯ ಹಿಂದೆ ಹೇಳಿದ್ದು ಇದೇ ಬಾಯಿ. ಎರಡು ಬಿಲ್ಲೆಯೂ ಕೊಕ್ಕೆಯಲ್ಲಿ ತೂಗುತ್ತಿವೆ, ಯಾರು ಹಾಕಿದ್ದು ಎಂದು ಕೇಳುತ್ತಾರೆ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗೆ, ನುಂಗಲಾರದೆ ಉಗುಳಲಾರದೆ ಅವಳು ಜಗಲಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದಳು. ಹೊರಗೆ ಹೋಗಿ ಯಾರನ್ನಾದರೂ ಗುಟ್ಟಾಗಿ ಕೇಳೋಣವೆಂದರೆ ಗೇಟಿಗೆ ಬೀಗ. ಬೇಲಿ ಎರಡಾಳು ಎತ್ತರ. ಸಿಗ್ನಲ್ ಇಲ್ಲದ ಫೋನು ಇಟ್ಟಿಗೆಯ ಚೂರಿನ ಹಾಗೆ ಬಿದ್ದಿದೆ. ಆ ಬೀಗ ಹಾಕಿಸಿದ್ದು ತಾನೇ ಎನ್ನುವುದು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಕೊನೆಗೆ ಅವಳು, ಯಾವಾಗಲೂ ಮಾಡುವ ಹಾಗೆ, ಯಾರಿಗೂ ಗೊತ್ತಾಗದಂತೆ ತಾನೇ ಸರಿಮಾಡಿಬಿಡೋಣ ಎಂದುಕೊಂಡು ಒಬ್ಬಳೇ ಹುಡುಕಲು ಇಳಿದಳು.

ಕೆಂಪು ಕಲ್ಲುಗಳವರೆಗೆ ನಾಲ್ಕೂ ಕಡೆ ಹುಡುಕಿದಳು. ಒಂದು ಕಡೆ ಕಲ್ಲಿನಾಚೆ ಹುಲ್ಲು ತುಳಿದಂತೆ ಕಂಡು, ದಾಟಬಾರದು ಎಂದು ಗೊತ್ತಿದ್ದೂ ದಾಟಿದಳು. ಹತ್ತು ಹೆಜ್ಜೆ ಹೋಗಿರಬಹುದು. ಎಡಗಾಲ ಕೆಳಗಿನ ನೆಲ ಸುಮ್ಮನೆ ಇಲ್ಲವಾಯಿತು. ಅವಳು ಪಕ್ಕದ ಬೇರಿಗೆ ಜೋತುಬಿದ್ದಳು. ಮೊಣಕಾಲು ತರಚಿತು, ಎಡಗಾಲ ಚಪ್ಪಲಿ ಕಳಚಿ ಕೆಳಗೆ ಹೋಯಿತು. ಅದು ತಳ ಮುಟ್ಟಿದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿಸಿತು.

ಬೇರು ಹಿಡಿದು ತೂಗುತ್ತ, ಅವಳ ಕಣ್ಣ ಮುಂದೆ ಬಂದದ್ದು ದೇವರೂ ಅಲ್ಲ, ತವರೂ ಅಲ್ಲ, ಆ ಕಪ್ಪು ಹಲಗೆ. ತನ್ನ ಬಿಲ್ಲೆಯನ್ನೂ ತಂದಿಲ್ಲ. ನೂರ ಹದಿನೇಳು, ನೂರ ಹದಿನೆಂಟು ಎರಡೂ ಸಾಲಾಗಿ ಕೊಕ್ಕೆಯಲ್ಲಿವೆ. ಹಲಗೆಯ ಪ್ರಕಾರ ಗಂಡ ಹೆಂಡತಿ ಇಬ್ಬರೂ ಕ್ಷೇಮವಾಗಿ ಒಳಗಿದ್ದಾರೆ. ತಾನು ಇಲ್ಲಿ ಜಾರಿದರೆ ನಾಳೆ ನಾಲ್ಕರವರೆಗೆ ಯಾರೂ ಬರುವುದಿಲ್ಲ, ಬಂದವಳೂ ಹೊರಗಿನಿಂದಲೇ ಒಂದು, ಎರಡು ಎಂದು ಎಣಿಸುತ್ತಾಳೆ.  ಅವಳಿಗೆ ಸಾಯುವ ಭಯವಾಯಿತು, ಸುಳ್ಳಿನ ಒಳಗೆ ಸಾಯುವ ಭಯ ಇನ್ನೂ ಹೆಚ್ಚಾಯಿತು. ಹೇಗೆ ಮೇಲೆ ಬಂದಳೋ ಅವಳಿಗೇ ತಿಳಿಯದು. ಒಂದೇ ಚಪ್ಪಲಿಯಲ್ಲಿ ಓಡಿದಳು, ಜಗಲಿ ಹತ್ತಿ ಸುತ್ತಿಗೆ ಎತ್ತಿಕೊಂಡು ಕೈ ಜೋಮು ಹಿಡಿಯುವವರೆಗೆ ಕಂಬಿ ಬಾರಿಸಿದಳು.

ಕಾಲು ಗಂಟೆಯೊಳಗೆ ಅವರು ಬಂದರು. ಹಲಗೆಯಮ್ಮ ಬೇಲಿಯ ಹಿಂಬಾಗಿಲಿನ ಬೀಗ ತೆಗೆದಿದ್ದಳು, ಕಾಲೊನಿಯ ಕಾಲುದಾರಿಯಿಂದ ಒಬ್ಬೊಬ್ಬರಾಗಿ ಮೇಲೆ ಬಂದರು. ಮುದುಕರು, ಹೆಂಗಸರು, ಮುಖಕ್ಕೆ ಸೋಪು ಹಚ್ಚಿಕೊಂಡೇ ಬಂದ ಒಬ್ಬ, ಹಿಟ್ಟು ಮೆತ್ತಿದ ಕೈಯವಳೊಬ್ಬಳು. ಹಗ್ಗ, ಲಾಟೀನು, ಗಡಾರಿ, ಒಂದು ಬಟ್ಟೆಯ ಡೋಲಿ.  ಎಲ್ಲರಿಗಿಂತ ಮುಂದೆ ಹಲಗೆಯಮ್ಮ. ಟಪಾಲಕ್ಕ "ಅವರು, ಅವರು" ಎಂದು ತೊದಲುತ್ತಿದ್ದರೆ ಹಲಗೆಯಮ್ಮ ಅವಳನ್ನು ನೋಡಲೇ ಇಲ್ಲ, ನೇರವಾಗಿ ಹಲಗೆಯ ಮುಂದೆ ಹೋಗಿ ನಿಂತಳು.

"ಒಂದು, ಎರಡು. ಇಬ್ಬರೂ ಇದೀರಲ್ಲ."

ನಲವತ್ತು ಜನ ಜಗಲಿಯ ಕೆಳಗೆ ನಿಂತು ಹಲಗೆ ನೋಡಿದರು. ಕೊಕ್ಕೆ ಖಾಲಿಯಿಲ್ಲದೆ ಹಳೆ ಗುಂಡಿಗಳಿಗೆ ಇಳಿಯುವವರು ಅವರಲ್ಲಿ ಒಬ್ಬರೂ ಇರಲಿಲ್ಲ. ಅದು ಹಟವಲ್ಲ, ಆ ಗುಂಡಿಗಳು ಎಷ್ಟು ಜನರನ್ನು ಇಟ್ಟುಕೊಂಡಿವೆ ಎಂದು ಬಲ್ಲವರ ಎಚ್ಚರಿಕೆ. ಟಪಾಲಕ್ಕನ ನಾಲಿಗೆಯ ತುದಿಗೆ ಒಂದು ಒಳ್ಳೆಯ ಸುಳ್ಳು ತಾನಾಗಿಯೇ ಬಂದು ನಿಂತಿತು: ಎದ್ದು, ಬಿಲ್ಲೆ ಮರೆತು, ಈಗಷ್ಟೇ ಹೊರಗೆ ಹೋದರು. ಈಗಿದ್ರು. ಹೇಳಿದ್ದರೆ ಯಾರೂ ಅನುಮಾನಪಡುತ್ತಿರಲಿಲ್ಲ. ಈಗಷ್ಟೇ ಹೋದವನನ್ನು ಹತ್ತಿರದಲ್ಲೇ ಹುಡುಕುತ್ತಿದ್ದರು, ಕತ್ತಲಾಗುವವರೆಗೂ ಹತ್ತಿರದಲ್ಲೇ ಹುಡುಕುತ್ತಿದ್ದರು.

ಅವಳು ಹೋಗಿ ನೂರ ಹದಿನೆಂಟನ್ನು ಕೊಕ್ಕೆಯಿಂದ ತೆಗೆದಳು. 

"ಇದು ನಾನು ಹಾಕಿದ್ದು. ಅವರು ಮಲಗಿರಲಿಲ್ಲ. ನೀವು ಬಂದಾಗ್ಲೂ ಇರ್ಲಿಲ್ಲ. ಒಂದೂವರೆಗೇ ಹೋದ್ರು."

ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸ್ವಲ್ಪ ಹಗುರಾಗುತ್ತಿತ್ತು. ಹಲಗೆಯಮ್ಮ ಬಿಲ್ಲೆಯನ್ನು ಅವಳ ಕೈಯಿಂದ ತೆಗೆದುಕೊಂಡು ಕೋಟಿನ ಜೇಬಿಗೆ ಹಾಕಿಕೊಂಡು ಕೇಳತೊಡಗಿದಳು. "ಯಾವ ಕಡೆ ಹೋದ್ರು? ನಡೆಯೋಕೆ ಇಷ್ಟ ಇರೋರಾ?"

"ಇಲ್ಲ. ನಡೆಯಲ್ಲ. ಮೆಟ್ಟಿಲು ಕಂಡ್ರೆ ಕೂತ್ಕೋತಾರೆ."

"ಕುಡೀತಾರಾ?"

"ಇಲ್ಲ."

"ಜಗಳ ಆಗಿತ್ತಾ?"

"ಜಗಳ ಆಡೋಕೂ ಅವರು ಇರಬೇಕಲ್ಲ" ಎಂದು ಅವಳ ಬಾಯಿಂದ ಬಂದುಬಿಟ್ಟಿತು. ಹಿಟ್ಟಿನ ಕೈಯವಳು ನಗು ತಡೆದುಕೊಂಡಳು.

"ಮತ್ತೆ ಯಾಕೆ ಹೋದ್ರು ಹೊರಗೆ?"

ಟಪಾಲಕ್ಕ ಗಂಡನ ಮರ್ಯಾದೆ ಎಂದು ಹನ್ನೊಂದು ವರ್ಷ ಮುಚ್ಚಿಟ್ಟದ್ದನ್ನು ಊರ ಮುಂದೆ ಬಿಚ್ಚಬೇಕಾಗಿತ್ತು. "ನಿದ್ದೆ ಮಾಡೋಕೆ. ದಿಂಬು ತಗೊಂಡು ಹೋದ್ರು. ಆಫೀಸಲ್ಲೂ ಅಷ್ಟೇ, ಎಲ್ಲಿ ತಂಪಿದೆಯೋ, ಎಲ್ಲಿ ಯಾರೂ ಬರಲ್ವೋ ಹುಡುಕಿ ಮಲಗ್ತಾರೆ. ಕೆಲಸ ಮಾಡಲ್ಲ ಅವರು. ನಾನೇ ಅವರ ಹಾಜರಿ ಹಾಕ್ತೀನಿ. ತಂಪು ಜಾಗ ನೋಡಿಟ್ಟಿದೀನಿ ಅಂದ್ರು."

"ಅದನ್ನ ಮೊದಲೇ ಹೇಳಬಾರದಾ ತಾಯಿ" ಎಂದ ಸೋಪಿನ ಮುಖದವನು. "ತಂಪು ಅಂದ್ರೆ ಗಾಳಿ ಕಿಂಡಿ!"

ಗುಂಪಿನಲ್ಲಿ ಒಮ್ಮೆಲೇ ಜೀವ ಬಂತು. ಕೆಂಪು ಕಲ್ಲಿನಾಚೆ ಒಂದೇ ಒಂದು ಕಡೆ ನೆಲದೊಳಗಿನ ಸುರಂಗದಿಂದ ತಣ್ಣನೆ ಗಾಳಿ ಮೇಲೆ ಬರುತ್ತಿತ್ತು. ಹಿಂದೆ ಪಾಳಿ ತಪ್ಪಿಸಿಕೊಂಡ ಕೆಲಸಗಾರರು ಮಲಗಲು ಹೋಗುತ್ತಿದ್ದುದೂ ಅಲ್ಲಿಗೇ. ಸೋಮಾರಿಗಳಿಗೆ ಸೋಮಾರಿಗಳ ಜಾಗ ಗೊತ್ತು ಎಂದು ಯಾರೋ ಅಂದರು. ಅದು ಮನೆಯ ಹಿಂಬದಿಗೆ, ಟಪಾಲಕ್ಕ ಕಲ್ಲು ದಾಟಿ ಹೋದದ್ದಕ್ಕೆ ಪೂರಾ ವಿರುದ್ಧ ದಿಕ್ಕಿನಲ್ಲಿತ್ತು. ಕಿಂಡಿಯ ಬಾಯಿಗೆ ಹಾಸಿದ್ದ ಹಳೆ ಹಲಗೆಗಳು ಮಂಚದಂತೆ ಕಾಣುತ್ತವೆ, ನಾಯಿಯ ಭಾರ ತಡೆಯುತ್ತವೆ, ಮನುಷ್ಯನ ಭಾರವನ್ನು ಸ್ವಲ್ಪ ಹೊತ್ತು ಮಾತ್ರ ತಡೆಯುತ್ತವೆ.

ಅವನು ಅಲ್ಲೇ ಇದ್ದ. ಹನ್ನೆರಡು ಅಡಿ ಕೆಳಗೆ ಒಂದು ಕಲ್ಲಿನ ಅಂಚಿನ ಮೇಲೆ, ಮುರಿದ ಹಲಗೆಯೊಂದು ಕಾಲ ಮೇಲೆ ಅಡ್ಡ ಬಿದ್ದು, ದಿಂಬನ್ನು ಎದೆಗೆ ಅವಚಿಕೊಂಡು. ಆ ಅಂಚಿನಾಚೆ ಲಾಟೀನಿನ ಬೆಳಕು ಎಷ್ಟು ಇಳಿಬಿಟ್ಟರೂ ತಳ ಕಾಣಲಿಲ್ಲ. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು, ಆ ಕೂಗು ಕಿಂಡಿ ಬಿಟ್ಟು ಮೇಲೆ ಬಂದಿರಲಿಲ್ಲ. ಹಗ್ಗ ಇಳಿಸಿದಾಗ ಮೇಲೆ ನೋಡಿ ಹೆಂಡತಿಯ ಮುಖ ಗುರುತು ಹಿಡಿದ.

"ಎಲ್ಲೇ ಹೋಗಿದ್ದೆ ಇಷ್ಟೊತ್ತು?" ಎಂದ.

ಅವನನ್ನು ಮೇಲೆ ತರುವಷ್ಟರಲ್ಲಿ ಸೂರ್ಯ ಮರಗಳ ಹಿಂದೆ ಇಳಿದಿದ್ದ. ಕಾಲು ಮುರಿದಿತ್ತು, ಪ್ರಾಣಕ್ಕೇನೂ ಅಪಾಯವಿರಲಿಲ್ಲ. ಡೋಲಿಯಲ್ಲಿ ಮಲಗಿಸಿ ಮನೆಯ ಮುಂದೆ ತಂದರು. ಕಾಲೊನಿಯ ಜೀಪು ಗೇಟು ದಾಟಿ ಬರುತ್ತಿತ್ತು. ಟಪಾಲಕ್ಕ ಅವನ ತಲೆಯ ಪಕ್ಕ ನಿಂತಿದ್ದಳು. ಅವನು ಬದುಕಿದ್ದಾನೆ ಎಂಬ ಸಂತೋಷಕ್ಕೆ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದೇ ಹೊತ್ತಿಗೆ ಅವನನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸುವಷ್ಟು ಕೋಪವೂ ಇತ್ತು. ಎರಡೂ ನಿಜವಾಗಿದ್ದವು.

ಹಲಗೆಯಮ್ಮ ಜೇಬಿನಿಂದ ಬಿಲ್ಲೆ ತೆಗೆದು ಅವನ ಕೈಗೆ ಕೊಟ್ಟಳು. "ಹಾಕಿ. ಮೇಲೆ ಬಂದ್ರಲ್ಲ."

ಈಗಿದ್ದಪ್ಪ ಬಿಲ್ಲೆ ನೋಡಿದ, ಹಲಗೆ ನೋಡಿದ. ಆಮೇಲೆ ಹೆಂಡತಿಯ ಕಡೆ ಕೈ ಚಾಚಿದ. "ನೀನೇ ಹಾಕ್ಬಿಡೇ. ಕಾಲು ನೋವು."

ಅವಳ ಬಲಗೈ ಅರ್ಧ ಎದ್ದಿತು. ಕೈಗೇನು ಗೊತ್ತು, ಪಾಪ. ಅವಳು ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು, ಎರಡನ್ನೂ ಸ್ವೆಟರಿನ ಜೇಬಿಗೆ ಹಾಕಿಕೊಂಡಳು.

"ನಿಮ್ದು. ನೀವೇ ಹಾಕಿ."

"ಏನೇ ಇದು, ಕಾಲು ಮುರಿದಿದೆ..."

"ಕೈ ಮುರಿದಿಲ್ಲ."

ನಲವತ್ತು ಜನ ಹಗ್ಗ ಸುತ್ತಿಕೊಂಡು ಕಾಯುತ್ತಿದ್ದರು. ಯಾರಿಗೂ ಅವಸರವಿರಲಿಲ್ಲ, ಯಾರೂ ಮನೆಗೆ ಹೋಗಲೂ ಇಲ್ಲ. ನಾಲ್ವರು ಡೋಲಿಯನ್ನು ಹಲಗೆಯ ಮಟ್ಟಕ್ಕೆ ಎತ್ತಿ ಹಿಡಿದರು. ಅವನು ಮುಖ ಕಿವುಚಿಕೊಂಡು ಕೈ ಚಾಚಿದ. ಒಮ್ಮೆ ತಪ್ಪಿತು, ಎರಡನೆಯ ಸಲವೂ ತಪ್ಪಿತು. ಅವನ ಹಣೆಯಲ್ಲಿ ಬೆವರು ಮೂಡಿತು, ಇಷ್ಟು ಜನರ ಎದುರಿಗೆ ಅವನು ಎಂದೂ ಕೆಲಸ ಮಾಡಿದವನಲ್ಲ. ಮೂರನೆಯ ಸಲ ಬಿಲ್ಲೆ ಕೊಕ್ಕೆಗೆ ಕೂತಿತು. ಡೋಲಿಯನ್ನು ಜೀಪಿನ ಕಡೆ ಒಯ್ದರು.

ಜನ ಹೊರಡಲು ತಿರುಗಿದರು. ಹಲಗೆಯಮ್ಮ "ನಿಲ್ಲಿ" ಎಂದಳು. ಅವಳು ಟಪಾಲಕ್ಕನ ಮಣ್ಣು ಮೆತ್ತಿದ ಮೊಣಕಾಲು, ಚಪ್ಪಲಿಯಿಲ್ಲದ ಎಡಗಾಲು ನೋಡುತ್ತಿದ್ದಳು.

"ನೀವು ಎಲ್ಲಿ ಬಿದ್ರಿ?"

ಇಷ್ಟು ಹೊತ್ತಾದರೂ ಅದನ್ನು ಯಾರೂ ಕೇಳಿರಲಿಲ್ಲ. ಅವಳಿಗೂ ನೆನಪಿರಲಿಲ್ಲ. ಟಪಾಲಕ್ಕ ಕೆಂಪು ಕಲ್ಲಿನ ಕಡೆ ಕೈ ತೋರಿಸಿದಳು. "ಬೇರು ಸಿಕ್ತು" ಎಂದಳು.

"ನಿಮ್ಮ ಬಿಲ್ಲೆ ತಗೊಂಡು ಹೋಗಿದ್ರಾ?"

ಅವಳು ತಲೆಯಾಡಿಸಿದಳು, ಇಲ್ಲ.

ಹಲಗೆಯಮ್ಮ ಹಲಗೆಯ ಕಡೆ ತಿರುಗಿದಳು. "ನಮ್ಮಜ್ಜನ ಬಿಲ್ಲೆನ ಒಬ್ಬ ಸ್ನೇಹಿತ ಹಾಕಿದ್ದ. ಒಳ್ಳೇ ಮನಸ್ಸಿಂದಾನೇ ಹಾಕಿದ್ದ" ಎಂದಳು.  ನೂರ ಹದಿನೇಳನ್ನು ಕೊಕ್ಕೆಯಿಂದ ತೆಗೆದು ಟಪಾಲಕ್ಕನ ಅಂಗೈಯಲ್ಲಿಟ್ಟಳು. "ಈಗ ಹಾಕಿ. ಈಗ ತಾನೇ ನೀವು ಬಂದಿದ್ದು."

ಬಿಲ್ಲೆ ನಿಜವಾಗಿಯೂ ಭಾರವಿತ್ತು. ಜೀಪಿನೊಳಗಿಂದ ಈಗಿದ್ದಪ್ಪ "ಬಾರೇ, ಏನು ಮಾಡ್ತಿದೀಯ ಅಲ್ಲಿ?" ಎಂದು ಕೂಗಿದ. ಅವಳು ತಿರುಗಿ ನೋಡಲಿಲ್ಲ. ನಲವತ್ತು ಜನ ತನಗಾಗಿ, ತನ್ನೊಬ್ಬಳಿಗಾಗಿ ಕತ್ತಲಲ್ಲಿ ನಿಂತಿದ್ದಾರೆ ಎಂದು ತಿಳಿದಾಗ ಅವಳಿಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಹೋಗಲಿಲ್ಲ. ಅಳುತ್ತಲೇ ಮೆಟ್ಟಿಲು ಹತ್ತಿ ನೂರ ಹದಿನೇಳನ್ನು ಅದರ ಕೊಕ್ಕೆಗೆ ಹಾಕಿದಳು.

ಹಲಗೆಯಮ್ಮ ಬೆರಳು ಮಾಡಿ ಎಣಿಸಿದಳು. "ಒಂದು, ಎರಡು."

ಆಮೇಲೆ ಎಲ್ಲರೂ ಮನೆಗೆ ಹೊರಟರು.